ಬಚ್ಚಿತ್ ಅಂದರೆ ಬಚ್ಚಲಲ್ಲ

ಓದುತ್ತಿರುವವರೇ, ಮೊದಲು ಕೈಯಲ್ಲಿರುವ ಆ ಮೊಬೈಲನ್ನು ಕೆಳಗಿಡಿ. ಸಾಹೇಬರಾದರೂ ಸರಿ, ಸಾಹೇಬರ ಕೈಕೆಳಗಿನವರಾದರೂ ಸರಿ, ಹೋದ ಸಲದ ಹಾಗೆ ಒಂದು ಸಾಲು ನೋಡಿ ಬದಿಗೆ ಹಾಕಿದರೆ ನನ್ನಿಂದ ಬೈಸಿಕೊಳ್ಳುತ್ತೀರಿ. ಅದಕ್ಕೇ ಈ ಸಲ ಪೇಪರಿಗೆ ಬರೆದಿದ್ದೇನೆ. ಊರೆಲ್ಲ ಓದಲಿ.

ಹಿರಿಯ ನಾಗರಿಕರ ಕ್ಷೇಮ ನೋಡುವ ಅಧಿಕಾರಿಗಳೇ, ನನ್ನ ತಕರಾರು ಇಷ್ಟೇ. ಹಾಸಿಗೆ ಹಿಡಿದ ನನ್ನ ಅತ್ತೆ ಬಾಗಿಯನ್ನು ಹತ್ತು ದಿನ ನಿಮ್ಮ ಕೇಂದ್ರದಲ್ಲಿ ಇಟ್ಟುಕೊಳ್ಳಿ ಎಂದು ಕೇಳಿದೆ. ನೀವು ಬಚ್ಚಲು ಅಳೆಯಲು ಇಂಜಿನಿಯರನ್ನು ಕಳಿಸಿದಿರಿ.

ನಾನು ತ್ರಾಸಿಯ ಸರಸ. ನಾಲ್ಕನೇ ಕ್ಲಾಸಿನವರೆಗೆ ಶಾಲೆ, ಆಮೇಲೆ ತಲೆಯ ಮೇಲೆ ಮೀನಿನ ಬುಟ್ಟಿ. ಈ ಕಾಗದದ ಕಾಗುಣಿತ ಮೊಮ್ಮಗಳು ಶರಣ್ಯಾ ತಿದ್ದಿದ್ದಾಳೆ, ಮಾತು ತಿದ್ದಲು ನಾನು ಬಿಡಲಿಲ್ಲ. ಅತ್ತೆ ಮಲಗಿ ಆರು ವರ್ಷ. ಎತ್ತುವುದು, ಮಗ್ಗುಲು ಬದಲಿಸುವುದು, ತೊಳೆಯುವುದು, ಉಣಿಸುವುದು ಎಲ್ಲ ನಾನೇ. ನನ್ನ ಬಲಗಣ್ಣು ಹೋಗಿಯಾಗಿದೆ. ಎಡಗಣ್ಣಿಗೆ ಪೊರೆ. ಮುಂದಿನ ತಿಂಗಳು ಹನ್ನೆರಡಕ್ಕೆ ಆಪರೇಶನ್ ಇಟ್ಟಿದ್ದಾರೆ. ಆಮೇಲೆ ಹತ್ತು ದಿನ ಬಗ್ಗಬಾರದು, ಭಾರ ಎತ್ತಬಾರದು. ಎರಡು ಸಲ ದಿನ ಕೊಟ್ಟಾಗಲೂ ಅತ್ತೆಯನ್ನು ಬಿಟ್ಟು ಹೋಗಲಾಗಲಿಲ್ಲ. ಇನ್ನೂ ತಪ್ಪಿಸಿದರೆ ಆ ಕಣ್ಣಿನ ಆಸೆ ಬಿಡಿ ಎಂದಿದ್ದಾರೆ ಡಾಕ್ಟ್ರು. ಬಗ್ಗದೆ, ಎತ್ತದೆ ಮುದುಕಿಯನ್ನು ನೋಡಿಕೊಳ್ಳುವ ಉಪಾಯ ನಿಮ್ಮ ಸುತ್ತೋಲೆಯಲ್ಲಿ ಇದ್ದರೆ ದಯಮಾಡಿ ತಿಳಿಸಿ.

ಮನೆಯಲ್ಲಿ ಬೇರೆ ಯಾರೂ ಇಲ್ಲವೇ ಎಂದು ಕೇಳುತ್ತೀರಿ, ಗೊತ್ತು. ಮಗ ಸುಧೀರ್ ಬೋಟಿಗೆ ಹೋದರೆ ಹತ್ತು ಹನ್ನೆರಡು ದಿನ ಕಡಲಲ್ಲೇ. ಸೊಸೆ ಗೇರುಬೀಜದ ಫ್ಯಾಕ್ಟರಿಗೆ ಹೋಗುವವಳು. ಹತ್ತು ದಿನ ಕಾಣದಿದ್ದರೆ ಅವಳ ಜಾಗದಲ್ಲಿ ಮತ್ತೊಬ್ಬಳು ಕೂತಿರುತ್ತಾಳೆ. ಶರಣ್ಯಾ ಇನ್ನೂ ಶಾಲೆಗೆ ಹೋಗುವ ಹುಡುಗಿ, ಮುದುಕಿಯನ್ನು ಎತ್ತಲಾರಳು.

ನಲವತ್ತು ವರ್ಷ ಮೀನು ಮಾರಿದ ನನಗೆ ಈಗ ಬಂಗುಡೆಯ ಮುಳ್ಳು ಕಾಣುವುದಿಲ್ಲ. ಹೋದ ತಿಂಗಳು ನಾನು ಬಿಡಿಸಿಕೊಟ್ಟ ಮೀನಿನ ಮುಳ್ಳು ಅತ್ತೆಯ ಗಂಟಲಿಗೆ ಸಿಕ್ಕಿತು. ಹೇಗೋ ಇಳಿಯಿತು. ಅಂದಿನಿಂದ ಬರೀ ಗಂಜಿ, ಉಪ್ಪಿನಕಾಯಿ. ಸಾವಾದ ಮನೆಯಲ್ಲಿ ಮಾತ್ರ ನಮ್ಮಲ್ಲಿ ಮೀನು ಬೇಯುವುದಿಲ್ಲ. ಅತ್ತೆ ಬಟ್ಟಲು ನೋಡಿ ದಿನಾ ಕೇಳುತ್ತಾರೆ: “ಹೆಣೆ, ನಾನಿನ್ನೂ ಸಾಯ್ಲಿಲ್ಲೆ. ಸೂತಕದ್ ಗಂಜಿ ಎಂತಕ್ಕೆ ಹಾಕ್ತಿ?”

ನಿಮ್ಮ ಅರ್ಜಿಯಲ್ಲಿ ‘ಕಾರಣ’ ಎಂದು ಒಂದು ಗೆರೆ ಇತ್ತು. “ನಂಗೆ ಬಚ್ಚಿತ್. ಹತ್ತು ದಿನ ಬೇಕು” ಎಂದು ಬರೆದೆ. ಬಚ್ಚಿತ್ ಅಂದರೆ ದಣಿದು ಸೋತಿದೆ ಎಂದು ಕುಂದಾಪುರದ ಕಡೆ ಮಕ್ಕಳಿಗೂ ಗೊತ್ತು. ನಿಮ್ಮ ಕಚೇರಿಯ ಪುಣ್ಯಾತ್ಮರು ಯಾವ ಊರಿನವರೋ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದರು: ‘ಬಚ್ಚಲು, ಹತ್ತು ದಿನದೊಳಗೆ.’

ಇಂಜಿನಿಯರ್ ಟೇಪು ಹಿಡಿದು ಬಂದ.

“ಹ್ವಾಯ್, ಬಚ್ಚಲ್ ಕೇಂಡದ್ ಯಾರ್?” ಎಂದೆ.

“ನೀವೇ ಬರೆದಿದ್ದೀರಲ್ಲ ಅಜ್ಜಿ” ಎಂದು ಕಾಗದ ತೋರಿಸಿದ. “ಬಂದಾಗಿದೆ, ಅಳತೆ ಹಾಕದೆ ಹೋದರೆ ನನ್ನನ್ನು ಕೇಳುತ್ತಾರೆ. ಆ ತುದಿ ಸ್ವಲ್ಪ ಹಿಡ್ಕೊಳ್ಳಿ.”

ಹಿಡಿದೆ. ಮೊದಲಿನ ಸರಸ ಆಗಿದ್ದರೆ ಅವನನ್ನು ಟೇಪಿನ ಸಮೇತ ರಸ್ತೆಗೆ ಅಟ್ಟುತ್ತಿದ್ದಳು. ನನಗೆ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಈಗ ಹಾಗೇ. ಅತ್ತೆಯನ್ನು ಎತ್ತುವಾಗಲೂ ಇನ್ಯಾರದೋ ಕೈ ಎತ್ತಿದ ಹಾಗೆ. ಎಂಟಡಿ ಎಂದ, ಹೌದು ಎಂದೆ.

ಮಾರನೇ ದಿನ ಸೊಸೆಗೆ ರಜೆ ಹಾಕಿಸಿ ನಿಮ್ಮ ಕಚೇರಿಗೆ ಬಂದೆ. “ನಿಮ್ಮ ಅರ್ಜಿ ವಿಲೇವಾರಿ ಆಗಿದೆ” ಎಂದರು. ನಮ್ಮ ಪಂಚಾಯತಿಯಲ್ಲಿ ಈ ಮಾತನ್ನು ಕಸಕ್ಕೆ ಹೇಳುತ್ತಾರೆ. ಬರುವಾಗ ನಿಮ್ಮ ಕೇಂದ್ರದ ಕಿಟಕಿಯಲ್ಲಿ ಇಣುಕಿದೆ. ‘ಆರೈಕೆ ಮಾಡುವವರಿಗೂ ವಿಶ್ರಾಂತಿ’ ಎಂದು ಬೋರ್ಡು. ಒಳಗೆ ನಾಲ್ಕು ಮಂಚ, ಹಾಸಿಗೆಯ ಪ್ಲಾಸ್ಟಿಕ್ ಕೂಡ ಬಿಚ್ಚಿಲ್ಲ. ಬಾಗಿಲಿಗೆ ಬೀಗ. ವಿಶ್ರಾಂತಿ ಪಡೆಯುತ್ತಿರುವುದು ಮಂಚಗಳು.

ಮಳೆಗಾಲದಲ್ಲಿ ಮೀನು ಮೊಟ್ಟೆಯಿಡಲಿ ಎಂದು ಸರ್ಕಾರವೇ ಎರಡು ತಿಂಗಳು ಬೋಟು ನಿಲ್ಲಿಸುತ್ತದೆ. ಕಡಲಿಗೂ ದಣಿವಾಗುತ್ತದೆ ಎಂದು ಯಾರೋ ಓದಿದವರಿಗೆ ಹೊಳೆದಿದೆ, ಒಳ್ಳೆಯದೇ. ಸೊಸೆಯಂದಿರ ವಿಷಯ ಹೊಳೆಯಲು ಇನ್ನೆಷ್ಟು ಓದಬೇಕು? ಅತ್ತೆಯನ್ನು ಕೈಬಿಡಲು ನಾನು ಹೊರಟಿಲ್ಲ. ಹತ್ತು ದಿನ ಕಳೆದು ಹನ್ನೊಂದನೇ ದಿನ ರಿಕ್ಷಾ ತಂದು ಕರೆದುಕೊಂಡು ಹೋಗುತ್ತೇನೆ. ನನ್ನ ಕಣ್ಣು ಹೋದರೆ ಒಬ್ಬಳ ಬದಲು ಇಬ್ಬರು ಮುದುಕಿಯರನ್ನು ನೀವು ಎತ್ತಬೇಕಾಗುತ್ತದೆ, ಲೆಕ್ಕ ನಿಮಗೇ ಬಿಟ್ಟದ್ದು.

ಹನ್ನೆರಡಕ್ಕೆ ಮೊದಲು ಬೀಗ ತೆಗೆಸಿ, ಒಂದು ಮಂಚ ನನ್ನ ಅತ್ತೆಗೆ ಕೊಡಿ. ಅಲ್ಲಿ ಅವರನ್ನು ಪೇಶೆಂಟ್ ಎಂದು ಕರೆಯಬೇಡಿ, ಬಾಯಿ ತೆರೆಯುವುದಿಲ್ಲ. ಬಾಗಿಯಕ್ಕ ಎಂದರೆ ಉಣ್ಣುತ್ತಾರೆ. ಈ ತಿಂಗಳು ಮುಗಿಯುವ ಮೊದಲು ಉತ್ತರ ನನ್ನ ಕೈ ಸೇರಬೇಕು. ಅಕ್ಷರ ದೊಡ್ಡದಾಗಿ ಬರೆಯಿರಿ, ನಾನೇ ಓದಬೇಕು.

ಇಂತಿ,
ಎಪ್ಪತ್ತು ದಾಟಿದರೂ ಇನ್ನೂ ಸೊಸೆಯೇ ಆಗಿರುವ,
ಸರಸ
ತ್ರಾಸಿ