ಊಟದ ಹೊತ್ತಿನ ಸ್ವಿಚ್

ಮಾರ್ಚ್ 4, ಬೆಳಿಗ್ಗೆ 11.20

ಮತ್ತೆ ಪ್ರಿಂಟರ್. ಮೂರು ಸಲ ಬಿಚ್ಚಿ ಮೂರು ಸಲ ಜೋಡಿಸಿದೆ. ಅಷ್ಟರಲ್ಲಿ ಟೈಪಿಂಗ್ ರೂಮಿನಿಂದ ಫೋನ್ — ಅಕ್ಕನ ಮಷಿನ್ ಏಳುತ್ತಿಲ್ಲ. ಹೋಗಿ ನೋಡಿದರೆ ಹಾರ್ಡ್ ಡಿಸ್ಕ್ ಕಟಕಟ ಅನ್ನುತ್ತಿದೆ. ಸತ್ತಿದೆ.

ನನಗೇನೂ ಅಕ್ಕ ಅಲ್ಲ. ಇಡೀ ಆಸ್ಪತ್ರೆಗೇ ಅಕ್ಕ. ಹುಟ್ಟಿನಿಂದ ಕಣ್ಣಿಲ್ಲ. ಡಾಕ್ಟರುಗಳು ರೆಕಾರ್ಡ್ ಮಾಡಿದ್ದನ್ನು ಕೇಳಿಸಿಕೊಂಡು ರಿಪೋರ್ಟ್ ಟೈಪ್ ಮಾಡುತ್ತಾಳೆ, ಟೈಪಾದದ್ದನ್ನು ಮಷಿನ್ ಅವಳಿಗೆ ಓದಿ ಹೇಳುತ್ತದೆ.

"ಹಳೇ ಲಿನಕ್ಸ್ ಡಿವಿಡಿ ನಿನ್ ಹತ್ರ ಇದೆಯಲ್ಲೋ, ಅದ್ನೇ ಹಾಕು" ಅಂದಳು.

ಇದೆ. ನಾಲ್ಕು ವರ್ಷದಿಂದ ನನ್ನ ಟೀ ಲೋಟಕ್ಕೆ ಮುಚ್ಚಳವಾಗಿದೆ. ಹೇಳಲು ಬಾಯಿ ಬರಲಿಲ್ಲ.

ಮಾರ್ಚ್ 5

ಗೀರು ಬಿದ್ದ ಡಿವಿಡಿಯನ್ನು ಮಷಿನ್ ಓದಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹೊಸ ಡಿಸ್ಕ್ ಹಾಕಿ ಮಷಿನ್ ನಡೆಸುವ ಲಿನಕ್ಸಿನ ಹೊಸ ಆವೃತ್ತಿ ಹಾಕಿದೆ. ಆ ಮುದಿ ಮಷಿನ್ನಿನಲ್ಲಿ ಅದು ತೆವಳುತ್ತದೆ. ಒಂದು ಸಾಲು ಓದಿ ಹೇಳುವಷ್ಟರಲ್ಲಿ ಡಾಕ್ಟರು ಮುಂದಿನ ರೋಗಿಗೆ ಹೋಗಿರುತ್ತಾರೆ. ಹಳೇ ಆವೃತ್ತಿಯೇ ಬೇಕು. ಕಣ್ಣಿಲ್ಲದವರಿಗೆಂದೇ ಅದನ್ನು ಮಾಡಿದವರ ವೆಬ್‌ಸೈಟ್ ಮುಚ್ಚಿ ಎರಡು ವರ್ಷ.

ಸೂಪರಿಂಟೆಂಡೆಂಟ್ ಕರೆಸಿದರು. "ಇಪ್ಪತ್ತನೇ ತಾರೀಕಿನೊಳಗೆ ಆಗ್ಲಿಲ್ಲ ಅಂದ್ರೆ ಟೈಪಿಂಗ್ ಹೊರಗಿನವ್ರಿಗೆ ಕೊಡ್ತೀನಿ. ಅಕ್ಕಂಗೂ ವಯಸ್ಸಾಯ್ತು, ಸ್ವಯಂ ನಿವೃತ್ತಿ ತಗೊಳ್ಲಿ ಬಿಡಿ."

ತಪ್ಪು ನನ್ನದು, ನಿವೃತ್ತಿ ಅವಳಿಗೆ.

ಮಾರ್ಚ್ 6

ಸ್ಟೋರ್ಸ್‌ನವನು ದಿಗ್ವಿಜಯ ಮಾಡಿದವನ ಹಾಗೆ ಪೆನ್‌ಡ್ರೈವ್ ಹಿಡಿದು ಬಂದ. ಯಾವುದೋ ಸೈಟಿನಲ್ಲಿ ಅದೇ ಲಿನಕ್ಸ್ ಸಿಕ್ಕಿತಂತೆ, ಹತ್ತೇ ನಿಮಿಷಕ್ಕೆ ಇಳಿಯಿತಂತೆ. ನೆಟ್ ಇಲ್ಲದ ಮಷಿನ್ನಿಗೆ ಚುಚ್ಚಿ ಫೈಲಿನ ಚೆಕ್‌ಸಮ್ ತೆಗೆದೆ — ಅಂಕಿ ಅಕ್ಷರ ಸೇರಿ ಅರವತ್ನಾಲ್ಕು. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಇದು ಪೂರ್ತಿ ಬದಲಾಗುತ್ತದೆ. ಆದರೆ ತಾಳೆ ನೋಡಲು ಅಸಲಿಯದು ಬೇಕಲ್ಲ.

ಅಕ್ಕ ಡ್ರಾಯರಿನಿಂದ ದಪ್ಪ ಕಾರ್ಡೊಂದು ತೆಗೆದಳು. ಬ್ರೈಲ್. ಎಂಟು ವರ್ಷದ ಹಿಂದೆ ಆ ಲಿನಕ್ಸ್ ಮಾಡಿದವರ ಸೈಟ್ ನೋಡಿ ನಾನೇ ಓದಿ ಹೇಳಿದ ಚೆಕ್‌ಸಮ್. ಚುಚ್ಚಿ ಇಟ್ಟುಕೊಂಡಿದ್ದಾಳೆ.

"ನೀನು ಕಾಗದ ಕಳೀತೀಯ ಅಂತ ಆವತ್ತೇ ಗೊತ್ತಿತ್ತು."

ಪರದೆಯ ಮೇಲಿನದನ್ನು ಒಂದೊಂದೇ ಅಕ್ಷರವಾಗಿ ಓದತೊಡಗಿದೆ. ಎರಡನೆಯದಕ್ಕೇ "ನಿಲ್ಸು" ಅಂದಳು. "ನನ್ ಕಾರ್ಡಲ್ಲಿ ಏಳು ಇದೆ."

ಯಾರೋ ಕೈಯಾಡಿಸಿದ ಫೈಲು. ಅಥವಾ ಬೇರೆಯದೇ. ಸೂಪರಿಂಟೆಂಡೆಂಟ್ "ಓಡುತ್ತೆ ತಾನೆ, ಹಾಕ್ರೀ" ಅಂದರು. ಅಕ್ಕನೇ ಬೇಡ ಅಂದಳು. "ರೋಗಿಗಳ ರಿಪೋರ್ಟು ಸಾರ್. ನಾನು ಮನೆಗೆ ಹೋದ್ರೂ ಚಿಂತೆಯಿಲ್ಲ, ಇದು ಬೇಡ."

ಮಾರ್ಚ್ 9, ಸಂಜೆ

ಹಳೇ ಬಳಕೆದಾರರ ಫೋರಮ್ಮಿನ ಮೂಲೆಯಲ್ಲಿ ಟೊರೆಂಟ್ ಸಿಕ್ಕಿತು. ಒಂದು ಕಡೆಯಿಂದಲ್ಲ, ಫೈಲು ಇಟ್ಟುಕೊಂಡವರೆಲ್ಲರಿಂದ ಚೂರುಚೂರಾಗಿ ಬರುವುದು. ಐದು ಜನ ಇದ್ದಾರೆ. ಸಂಜೆ ಬಂದು ಹೋಗುವವರು. ಐವರಲ್ಲೂ ಅರೆಬರೆ. 41%.

ಮಾರ್ಚ್ 13

96.4. ಮೂರು ದಿನದಿಂದ ಅಲ್ಲೇ. ಉಳಿದ ಚೂರು ಐವರಲ್ಲಿ ಯಾರ ಹತ್ತಿರವೂ ಇಲ್ಲ. ಅವರೂ ನನ್ನ ಹಾಗೇ ಕಾದು ಕೂತವರು. ಕಣ್ಣುರಿ, ಬೆನ್ನುನೋವು. "ನಿದ್ದೇಲೂ ಅದೇ ನಂಬರ್ ಗೊಣಗ್ತೀರಲ್ಲ" ಅಂದಳು ಹೆಂಡತಿ. ಸಾಕಾಗಿದೆ.

ಮಾರ್ಚ್ 16

ಹೊಟ್ಟೆ ಸರಿಯಿಲ್ಲ. ಊಟಕ್ಕೆ ಹೋಗದೆ ಮಷಿನ್ ಮುಂದೆ ಮೇಜಿಗೆ ತಲೆಯಾನಿಸಿ ಕೂತಿದ್ದೆ. ಒಂದು ಗಂಟೆಗೆ ಸರಿಯಾಗಿ ಟೊರೆಂಟ್‌ಗೆ ಆರನೆಯವರೊಬ್ಬರು ಬಂದರು. ಪೂರ್ತಿ ಫೈಲು ಇಟ್ಟುಕೊಂಡವರು. 96.9... 97.3... ಹೋದ ಜೀವ ಬಂದಂತಾಯಿತು. 97.8 — ಪಟ್ಟನೆ ಎಲ್ಲ ಆರಿತು. ಬಾಗಿಲಲ್ಲಿ ಅಟೆಂಡರ್, ಕೈ ಮೇನ್ ಸ್ವಿಚ್ ಮೇಲೆ.

"ಏನಯ್ಯಾ ಮಾಡ್ದೆ?"

"ಊಟದ ಹೊತ್ತಲ್ಲಿ ಆಫ್ ಮಾಡ್ಬೇಕಲ್ವಾ ಸಾರ್. ಯಾರು ಬೈದ್ರೂ ಬಿಡ್ಬೇಡ ಅಂತ ನೀವೇ ಹೇಳಿದ್ರಿ."

ಹೌದು. ಮಷಿನ್‌ಗಳು ಒಂದು ಗಂಟೆ ತಣ್ಣಗಾಗಲಿ ಎಂದು ಆರು ವರ್ಷದ ಹಿಂದೆ ನಾನೇ ಮಾಡಿದ ರೂಲ್. ಚೀಟಿ ಅಂಟಿಸಿದ್ದೂ ನಾನೇ. ಆ ಪುಣ್ಯಾತ್ಮರು ದಿನಾ ಮಧ್ಯಾಹ್ನ ಬಂದು ಹೋಗುತ್ತಿದ್ದರೋ ಏನೋ, ಆ ಹೊತ್ತಿಗೇ ನನ್ನ ಬಾಗಿಲು ಬಂದ್. ಮಾಡಿದ್ದುಣ್ಣೋ ಮಹರಾಯ.

ಅಕ್ಕನಿಗೆ ಎಲ್ಲ ಹೇಳಿಬಿಟ್ಟೆ, ಟೀ ಲೋಟದ ಸಮೇತ. ಬೈಯುತ್ತಾಳೆ ಅಂದುಕೊಂಡೆ. ನಕ್ಕೂ ನಕ್ಕೂ ಕೆಮ್ಮಿದಳು. ಬೈದಿದ್ದರೇ ವಾಸಿಯಿತ್ತು.

ಮಾರ್ಚ್ 17

ಸ್ವಿಚ್ಚಿನ ಹತ್ತಿರವೇ ಕುರ್ಚಿ ಹಾಕಿ ಕಾವಲು ಕೂತೆ. ಅವರು ಬರಲಿಲ್ಲ.

ಮಾರ್ಚ್ 18

ಬರಲಿಲ್ಲ. ಅಕ್ಕ ಡ್ರಾಯರ್ ಖಾಲಿ ಮಾಡುತ್ತಿದ್ದಳು. ಹೆಡ್‌ಫೋನ್, ಬಾಚಣಿಗೆ, ಒಂದು ಶಾಲು. ನೋಡಲಾಗಲಿಲ್ಲ, ಎದ್ದು ಹೊರಗೆ ಬಂದೆ.

ಮಾರ್ಚ್ 19, ಮಧ್ಯಾಹ್ನ 2.10

1.20ಕ್ಕೆ ಬಂದರು. 1.41ಕ್ಕೆ ನೂರು.

ಅಕ್ಕ ಕಾರ್ಡ್ ಮೇಲೆ ಬೆರಳಿಟ್ಟಳು. ನಾನು ಓದಿದೆ, ಒಂದೊಂದಕ್ಕೂ "ಹ್ಞೂಂ" ಅಂದಳು. ಅರವತ್ಮೂರು ಹ್ಞೂಂ. ಕೊನೆಯದಕ್ಕೆ ದನಿಯಿಲ್ಲ. ತಲೆಯೆತ್ತಿ ನೋಡಿದರೆ ಅಳುತ್ತಿದ್ದಾಳೆ.

"ಸರಿಯಿದೆ ಕಣೋ."

ನಾನೂ ಅತ್ತೆ. ಈ ವಯಸ್ಸಿನಲ್ಲಿ, ಒಂದು ಫೈಲಿಗೆ.

ಮಾರ್ಚ್ 20, ಮಧ್ಯಾಹ್ನ 12.50

ಬೆಳಿಗ್ಗೆ ಅಕ್ಕನ ಮಷಿನ್ನಿನಲ್ಲಿ ಹಳೇ ದನಿ ಮಾತಾಡಿತು. ಸೂಪರಿಂಟೆಂಡೆಂಟ್ ಬರುವ ಹೊತ್ತಿಗೆ ಅಕ್ಕ ಹನ್ನೊಂದು ರಿಪೋರ್ಟ್ ಮುಗಿಸಿದ್ದಳು. ಒಂದೆರಡು ತಿರುವಿ ನೋಡಿದರು, "ಸರಿ, ನಡೀಲಿ" ಎಂದು ಹೋದರು. ಶಾಲು ಮತ್ತೆ ಡ್ರಾಯರ್ ಸೇರಿತು.

ನಿನ್ನೆ ಸಂಜೆ ಆ ಐವರೂ ಉಳಿದ ಚೂರನ್ನು ನನ್ನಿಂದ ತೆಗೆದುಕೊಂಡು ಹೊರಟುಹೋದರು. ಮಧ್ಯಾಹ್ನದವರೂ ಈಗ ಇಲ್ಲ. ಇವತ್ತು ಹೊಸಬರೊಬ್ಬರು ಬಂದಿದ್ದಾರೆ, ಅವರದಿನ್ನೂ 0.2. ಪೂರ್ತಿ ಫೈಲು ಇರುವುದು ನನ್ನೊಬ್ಬನ ಹತ್ತಿರ. ಹಳೇ ಚೀಟಿ ಕಿತ್ತು ಹೊಸದು ಅಂಟಿಸಿದೆ: ಊಟದ ಹೊತ್ತಿನಲ್ಲಿ ಆಫ್ ಮಾಡಬಾರದು, ನಾನೇ ಬಂದು ಹೇಳಿದರೂ. ಅಕ್ಕ ಅದರ ಕೆಳಗೆ ಬ್ರೈಲ್‌ನಲ್ಲಿ ಏನೋ ಅಂಟಿಸಿದಳು.

"ಏನಕ್ಕ ಅದು?"

"ನಿನ್ ಟೀ ಲೋಟದ ವಿಷ್ಯ."

0.6. ನಿಧಾನ. ಆಗಲಿ, ಇಲ್ಲಿ ಯಾರಿಗೂ ಅವಸರವಿಲ್ಲ. ಗಂಟೆ ಒಂದು ಹೊಡೆಯಿತು. ಅಕ್ಕ ಊಟಕ್ಕೆ ಕರೆಯುತ್ತಿದ್ದಾಳೆ. ಅಟೆಂಡರ್ ಬಂದ. ಹೊಸ ಚೀಟಿ ಅವನಿನ್ನೂ ನೋಡಿಲ್ಲ, ಕೈ ಆಗಲೇ ಸ್ವಿಚ್ ಮೇಲೆ —