ಮಂಜುಗಡ್ಡೆ ಒಡೆದ ಮೇಲಿನ ಚಿತ್ರ

ಕಿಸೊ
ಫೆಬ್ರವರಿ 9, 1984

ಪ್ರೀತಿಯ ಹಿದೆಕಿಚಿ,

ಹೇಗಿದ್ದೀಯ ಮಾರಾಯ? ಹೊಸ ವರ್ಷಕ್ಕೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಎಷ್ಟೋ ಸಲ ಬರೆಯಲು ಕೂತು ಹರಿದು ಹಾಕಿದೆ. ನೀಗಾತದಲ್ಲಿ ಅಕ್ಕನ ಮನೆ ಒಗ್ಗಿತೇ? ಬೆರಳು ಕತ್ತರಿಸಿದ ಕಾಲಿಗೆ ಚಳಿಯಲ್ಲಿ ಈಗಲೂ ನೋವಿದೆಯೇ? ನನ್ನಾಕೆ ಸುಮಿಯೆ ನಿನಗೆಂದು ಉಪ್ಪಿನಲ್ಲಿ ಹಾಕಿದ ಸೊಪ್ಪು ಕಳಿಸುತ್ತಿದ್ದಾಳೆ. ಈ ಸಲ ಉಪ್ಪು ಜಾಸ್ತಿಯಾಗಿದೆ, ಅವನಿಗೆ ಹೇಳಬೇಡಿ ಅಂದಿದ್ದಾಳೆ.

ನಮ್ಮ ತೊರೆ ಈ ವರ್ಷ ಬೇಗ ಹೆಪ್ಪುಗಟ್ಟಿತು. ನೀರಿಗೆ ಬಾಗಿದ ಕೊಂಬೆಗಳ ತುದಿಯಲ್ಲಿ ಮಂಜುಗಡ್ಡೆ ಗಂಟೆಗಳ ಹಾಗೆ ತೂಗುತ್ತಿದೆ. ಹೋದ ವರ್ಷ ನೀನು ಅಲ್ಲಿ ಬಿದ್ದ ದಿನದಿಂದ ನಾನು ಕ್ಯಾಮೆರಾ ಮುಟ್ಟಿರಲಿಲ್ಲ. ಕಳೆದ ತಿಂಗಳು ಕಪಾಟು ಒರೆಸುತ್ತಿದ್ದ ಸುಮಿಯೆ, ಇದರೊಳಗೆ ಇನ್ನೂ ರೀಲು ಇದೆಯಲ್ಲ ಎಂದಳು. ಬಚ್ಚಲಿನ ಕಿಟಕಿ ಮುಚ್ಚಿ ಕತ್ತಲು ಮಾಡಿ, ನಾನೇ ರೀಲು ತೊಳೆದು ಚಿತ್ರಗಳನ್ನು ಮಾಡಿದೆ.

ಮೊದಲಿನವೆಲ್ಲ ಎಂದಿನಂತೆಯೇ ಇವೆ. ಕಲ್ಲುಗಳ ಮೇಲಿನ ಬಿಳಿ ಟೋಪಿಗಳು, ಗಾಜಿನಂಥ ಪದರದಡಿ ಸಿಕ್ಕಿಕೊಂಡ ಗುಳ್ಳೆಗಳು, ಅವನ್ನು ನೋಡುತ್ತ ಮಂಡಿಯೂರಿದ ನೀನು. ಆಮೇಲೊಂದು ಚಿತ್ರ. ಮಂಜುಗಡ್ಡೆ ಸುತ್ತಲೂ ಸೀಳು ಬಿಟ್ಟು ಒಡೆದಿದೆ, ಅಂಚಿನಲ್ಲಿ ನಿನ್ನ ಎರಡು ಕೈಗಳಿವೆ.

ನನಗೆ ನೆನಪಿರುವುದೇ ಬೇರೆ. ಸದ್ದು ಕೇಳಿದೊಡನೆ ಕ್ಯಾಮೆರಾ ಹಿಮದ ಮೇಲೆಸೆದು ಓಡಿಬಂದೆ. ಆಸ್ಪತ್ರೆಯಲ್ಲಿ ನೀನೂ ಎಲ್ಲರಿಗೂ ಅದನ್ನೇ ಹೇಳಿದೆ: “ಬಿದ್ದಿದ್ದೇ ತಡ, ತೆತ್ಸುರೋ ಎಳ್ಕೊಂಡ್ಬಿಟ್ಟ.” ಹಾಗಾದರೆ ಇದನ್ನು ತೆಗೆದವರು ಯಾರು? ಅಲ್ಲಿದ್ದವರು ನಾವಿಬ್ಬರೇ.

ಸುಮಿಯೆಗೆ ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, “ಗಾಬರೀಲಿ ಬೆರಳು ತಾನಾಗೇ ಒತ್ತಿರತ್ತೆ ಬಿಡಿ. ಅದಕ್ಕೆ ಊಟ ಬಿಟ್ಟು ಕೂರ್ತಾರಾ?” ಎಂದಳು. ಇರಬಹುದು ಎಂದುಕೊಂಡೆ. ಒಂದು ದಿನ ಹೌದೆನಿಸುತ್ತದೆ, ಮರುದಿನ ಇಲ್ಲವೆನಿಸುತ್ತದೆ.

ಭಾನುವಾರ ಬೆಳಿಗ್ಗೆ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಇಬ್ಬರೂ ಅಲ್ಲಿಗೆ ಹೋದೆವು. ಅಂದು ನಿಂತಿದ್ದ ಕಲ್ಲಿನಿಂದ ನೀನು ಬಿದ್ದ ಜಾಗಕ್ಕೆ ನಡೆದೆ. ನಾಲ್ಕೇ ಹೆಜ್ಜೆ. ಸುಮಿಯೆ ನನ್ನ ಮಫ್ಲರು ಬಿಗಿದಳು. ಅಲ್ಲಿ ಮತ್ತೆ ಮಂಜುಗಡ್ಡೆ ಕೂಡಿದೆ ಹಿದೆಕಿಚಿ, ಹೋದ ವರ್ಷಕ್ಕಿಂತ ಚೆಂದವಾಗಿ. ನೋಡುತ್ತಿದ್ದಂತೆ ನನ್ನ ಕೈ ಕ್ಯಾಮೆರಾಕ್ಕೆ ಹೋಯಿತು. ನಾಚಿಕೆಯಿಂದ ಹಿಂದಕ್ಕೆಳೆದುಕೊಂಡೆ. ಅಂದೂ ಹೀಗೇ ಆಗಿತ್ತೇ? ಎಷ್ಟು ಯೋಚಿಸಿದರೂ ಆ ಕ್ಷಣ ನೆನಪಿಗೆ ಬರುತ್ತಿಲ್ಲ.

ಬೆಚ್ಚಗಿರು. ಅಕ್ಕನಿಗೆ ನಮಸ್ಕಾರ ತಿಳಿಸು. ವಸಂತ ಬರುವ ಹೊತ್ತಿಗೆ ಕೋಲಿಲ್ಲದೆ ನಡೆಯುವಷ್ಟು ನಿನ್ನ ಕಾಲು ಗಟ್ಟಿಯಾಗಲಿ.

ನಿನ್ನ,
ತೆತ್ಸುರೋ

ತಾ.ಕ.: ಸುಮಿಯೆಗೆ ತೋರಿಸಿದ್ದು ಒಂದೇ ಚಿತ್ರ. ಮಂಜುಗಡ್ಡೆ ಒಡೆದ ಮೇಲಿನವು ಇರುವುದು ಮೂರು. ಈ ಕ್ಯಾಮೆರಾದಲ್ಲಿ ಪ್ರತಿಸಲ ಹೆಬ್ಬೆರಳಿನಿಂದ ರೀಲು ತಿರುಗಿಸದೆ ಮುಂದಿನ ಚಿತ್ರ ಬರುವುದಿಲ್ಲ, ಅದು ನಿನಗೂ ಗೊತ್ತು. ಮೂರನೆಯದರಲ್ಲಿ ನೀನು ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದೀಯ. ಎಲ್ಲವನ್ನೂ ಕಂಡಿದ್ದೂ ಆಸ್ಪತ್ರೆಯಲ್ಲಿ ಯಾಕೆ ಹಾಗೆ ಹೇಳಿದೆ?