ಓದಿಲೋ ಮಾಮನ ಮರದಲ್ಲಿದ್ದ ಮೊಳೆ

ಅಕ್ಟೋಬರ್ ೬, ಸಂಜೆ
ಮರ ಕೊಯ್ಯುವ ಗರಗಸದ ಮತ್ತೊಂದು ಚೈನು ಹಾಳು. ಪಕ್ಕದ ಹೊಲದ ಓದಿಲೋ ಮಾಮನ ಓಕ್ ಮರ. ಚರ್ಚಿನ ಹೊಸ ಗಂಟೆ ತೂಗುವ ತೊಲೆಗೆಂದು ಹೆಮ್ಮೆಯಿಂದ ಪುಕ್ಕಟೆ ಕೊಟ್ಟದ್ದು. ಕೊಯ್ಯುವ ಮುಂಚೆ ಕೇಳಿದ್ದೆ.
"ಮಾಮ, ಒಳಗೆ ಕಬ್ಬಿಣ ಏನಾದ್ರೂ?"
"ನನ್ನ ಮಾತಿದೆ ಕಣಮ್ಮ. ಒಂದು ತಂತೀನೂ ಇಲ್ಲ."
ನಮ್ಮ ಆರ್ಡೆನ್ ಕಾಡಿನ ಕಡೆ ಅಷ್ಟು ಸಾಕು. ಕಬ್ಬಿಣ ಪತ್ತೆಹಚ್ಚುವ ಡಿಟೆಕ್ಟರ್ ಗಾಡಿಯಲ್ಲೇ ಉಳಿಯಿತು. ದಿಮ್ಮಿ ತುಂಡು ಮಾಡುವಾಗ ಕಿಡಿ ಹಾರಿತು, ಚೈನು ಹರಿದು ತೊಡೆಗೆ ಬಡಿಯಿತು. ದಪ್ಪ ಪ್ಯಾಂಟು ಕಾಲು ಉಳಿಸಿತು.
ಸೀಳಿ ನೋಡಿದರೆ ಚೌಕ ತಲೆಯ ಹಳೇ ಮೊಳೆ. ಮಾಮ ಅದನ್ನು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಒಂದು ಮಾತಿಲ್ಲ. ಆ ಮೌನಕ್ಕೇ ಮೈ ಉರಿದುಹೋಯಿತು. ಮೊಳೆ ಕಿತ್ತುಕೊಂಡು ಬಂದೆ.

ಅಕ್ಟೋಬರ್ ೭
ಕೆಫೆಯಲ್ಲಿ ಎಲ್ಲರ ಮುಂದೆ ಅಂದೆ — "ಓದಿಲೋ ಸುಳ್ಳುಗಾರ. ಅವರ ಮಾತು ನಂಬಿ ಕಾಲು ಕಳ್ಕೊತಿದ್ದೆ."
ಸಾ ಮಿಲ್ಲಿನ ಮಾಲೀಕ ಫಿರ್ಮಾ ಬಿಯರ್ ಕೆಳಗಿಟ್ಟ. "ಹಾಗಾದ್ರೆ ಆ ಮುದುಕನ ಮರ ನನ್ನ ಮಿಲ್ ಹತ್ರ ಸುಳೀಬಾರದು. ತೊಲೆ ಬೇರೆ ಕಡೆಯಿಂದ ತರಿಸ್ತೀನಿ."
ಒಂದು ವಿಷಯ ಹೇಳಲಿಲ್ಲ. ಮರ ಉರುಳಿಸಿದಾಗಲೇ ಕೊಯ್ದ ತುದಿಯಲ್ಲಿ ನೀಲಿಗಪ್ಪು ಕಲೆ ಇತ್ತು. ಓಕ್ ಒಳಗೆ ಕಬ್ಬಿಣವಿದ್ದರೆ ಹಾಗೇ ಕಪ್ಪಿಡುತ್ತದೆ — ಹೊಸಬರಿಗೆ ನಾನೇ ಹೇಳಿಕೊಡುವ ಪಾಠ. ಕಂಡೆ. ಮಳೆನೀರಿನ ಕಲೆ ಅಂದುಕೊಂಡು ಮುಂದುವರಿದೆ.

ಅಕ್ಟೋಬರ್ ೧೯, ಭಾನುವಾರ
ಚರ್ಚಿನ ಪೂಜೆಗೆ ಬಂದ ಮಾಮ ಹಿಂದಿನ ಬೆಂಚಿನಲ್ಲಿ ಒಬ್ಬರೇ. ಯಾರೂ ಕೈಕುಲುಕಲಿಲ್ಲ. ನನಗೆ ಒಳಗೊಳಗೇ ಖುಷಿ... ಬರೆಯಲೂ ನಾಚಿಕೆ.

ಅಕ್ಟೋಬರ್ ೨೦
ಅಮ್ಮ ಅಕ್ಕಿಯ ಸಿಹಿ ಟಾರ್ಟ್ ತಂದಿದ್ದಳು. ಕಿಟಕಿಯ ಮೇಲಿದ್ದ ಮೊಳೆ ಎತ್ತಿ ಚೌಕ ತಲೆ ತಿರುಗಿಸಿ ನೋಡಿದಳು.
"ಇದು ನಿನ್ನದು ಕಣೇ, ಗಿಲೆನ್."
"ನನ್ನದಾ?"
"ಚಿಕ್ಕೋಳಿದ್ದಾಗ ದವಡೆ ಊದ್ಕೊಂಡು ಅಳ್ತಿದ್ದೆ. ಮೊಳೇನ ನಿನ್ನ ಹಲ್ಲಿಗೆ ಒತ್ತಿ ಮರಕ್ಕೆ ಹೊಡೆದ್ರೆ ನೋವು ಮರಕ್ಕೆ ಹೋಗುತ್ತೆ ಅಂತ ನಾನೇ ಹೊಡೆಯೋಕೆ ಹೋದೆ. ಕೈಲಾಗ್ಲಿಲ್ಲ. ಓದಿಲೋನೇ ಬಂದು ಸುತ್ತಿಗೆ ಇಸ್ಕೊಂಡು ಹೊಡೆದ. ಯಾರಿಗೂ ಹೇಳ್ಬಾರದು, ಹೇಳಿದ್ರೆ ನಿನಗೆ ನೋವು ವಾಪಸ್ ಬರುತ್ತೆ ಅಂತಾರೆ."
"ಮರದಲ್ಲಿ ಕಬ್ಬಿಣ ಇಲ್ಲ ಅಂತ ನನಗೆ ಮಾತು ಕೊಟ್ರಲ್ಲ!"
"ಮರೆತಿರ್ತಾನೆ ಪಾಪ. ಮೊಳೆ ಕಂಡ ಮೇಲೆ ನೆನಪಾಗಿರುತ್ತೆ."
ನೆನಪಾಗಿಯೂ ಬಾಯಿ ಬಿಡಲಿಲ್ಲ. ಊರೆಲ್ಲ ಸುಳ್ಳುಗಾರ ಅಂದರೂ ಬಿಡಲಿಲ್ಲ. ನನಗೆ ಹಲ್ಲು ನೋಯಬಾರದೆಂದು! ಆ ಹಲ್ಲನ್ನು ಡಾಕ್ಟರು ಕಿತ್ತು ಯಾವ ಕಾಲವಾಯಿತು. ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಿಬಿಡುತ್ತಿದ್ದೆ.

ಅಕ್ಟೋಬರ್ ೨೧, ಬೆಳಿಗ್ಗೆ
ಮಾಮನ ಅಂಗಳಕ್ಕೆ ಹೋದೆ. "ಮಾಮ, ಆ ಮೊಳೆ..."
"ಶ್! ಹೇಳ್ಬೇಡ್ವೇ!"
"ನಿಮ್ಮ ತೊಲೆ ಹೋಯ್ತಲ್ಲ ಮಾಮ, ನನ್ನಿಂದ."
"ಹೋಗ್ಲಿ ಬಿಡು. ಹೊಡೆದೋನು ನಾನೇ ಅಲ್ವಾ." ಕಾಫಿ ಕೊಟ್ಟರು.

ಅದೇ ದಿನ, ಸಂಜೆ
ಫಿರ್ಮಾ ಕೆಫೆಯಲ್ಲಿದ್ದಾನಂತೆ. ಎಲ್ಲರೂ ಇದ್ದಾರಂತೆ. ಅಲ್ಲಿಗೆ ಹೋಗಿ ಮೊದಲು ಕಲೆಯ ಮಾತು ಹೇಳಬೇಕು, ಅದೇ ಕಷ್ಟ. ಆಮೇಲೆ ಮೊಳೆ. ಎಡ ದವಡೆ ಜುಮ್ಮೆನ್ನುತ್ತಿದೆ, ಹಲ್ಲೇ ಇಲ್ಲದ ಜಾಗ.
ಬಾಗಿಲಲ್ಲಿ ಓದಿಲೋ ಮಾಮ. ಭಾನುವಾರದ ಕೋಟು ಹಾಕಿಕೊಂಡಿದ್ದಾರೆ.
"ನಿಮ್ಮಮ್ಮ ಹೇಳಿದ್ಲು, ಕೆಫೆಗೆ ಹೊರಟಿದ್ದೀಯಂತೆ. ನೋವು ಶುರುವಾಯ್ತೇನೇ?"
"ಹೂಂ ಮಾಮ."
"ಹಾಗಾದ್ರೆ ಒಬ್ಬಳೇ ಹೋಗ್ಬೇಡ."
ಮೊಳೆ ಜೇಬಿಗೆ ಹಾಕಿಕೊಂಡೆ. ಅವರು ಕಾಯುತ್ತಿದ್ದಾರೆ, ಇನ್ನು ಹೊರಟೆವು.